ಕುಣಿಯುವ ಕರ್ಪೂರ, ತಡೆಯುವ ಎಣ್ಣೆ

ಆರತಿ ಕರ್ಪೂರದ ಒಂದು ಬಿಲ್ಲೆಯನ್ನು ಅಕ್ಕಿ ನುಚ್ಚಿನಷ್ಟು ಸಣ್ಣ ಚೂರುಗಳಾಗಿ ಮುರಿದುಕೊಳ್ಳಿ. ಅಗಲವಾದ ಸ್ಟೀಲ್ ತಟ್ಟೆಗೆ ನೀರು ಹಾಕಿ, ಒಂದೆರಡು ಚೂರನ್ನು ಕಾಗದದ ತುಂಡಿನಿಂದ ನೀರಿನ ಮೇಲೆ ಜಾರಿಸಿ. ನೀರು ಸೋಕಿದ್ದೇ ತಡ, ಚೂರುಗಳು ಗಿರಗಿರನೆ ಸುತ್ತುತ್ತ, ದಿಕ್ಕು ಬದಲಿಸುತ್ತ ತಟ್ಟೆಯ ತುಂಬ ಓಡಾಡತೊಡಗುತ್ತವೆ. ಇನ್ನು ಕಡ್ಡಿಯೊಂದರ ತುದಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಚೆನ್ನಾಗಿ ಒರೆಸಿ, ತಟ್ಟೆಯ ಒಂದು ಅಂಚಿನಲ್ಲಿ ನೀರಿಗೆ ತಾಗಿಸಿ. ಅಷ್ಟೂ ಚೂರುಗಳು ಒಮ್ಮೆಲೇ ನಿಂತುಬಿಡುತ್ತವೆ. ಕರ್ಪೂರ ಹೊಟ್ಟೆಗೆ ಹೋದರೆ ವಿಷ, ಬೆಂಕಿಗೆ ಬೇಗ ಸಿಗುವಂಥದ್ದು ಬೇರೆ. ಹಾಗಾಗಿ ಚಿಕ್ಕ ಮಕ್ಕಳಿದ್ದರೆ ದೊಡ್ಡವರು ಪಕ್ಕದಲ್ಲೇ ಇರಬೇಕು.

ಇದು ಯಾಕೆ ಹೀಗೆ? ನೀರಿನ ಅಣುಗಳು ಒಂದನ್ನೊಂದು ಸೆಳೆಯುವುದರಿಂದ ಮೇಲ್ಮೈ ಸದಾ ಬಿಗಿದುಕೊಂಡಿರುತ್ತದೆ. ಇದೇ ಮೇಲ್ಮೈ ಎಳೆತ. ಕರ್ಪೂರ ಕರಗಿದ ಕಡೆ ಈ ಎಳೆತ ತಗ್ಗುತ್ತದೆ. ಮುರಿದ ಚೂರಿನ ಅಂಚುಗಳು ಒಂದೇ ಸಮನಾಗಿರುವುದಿಲ್ಲ. ಒಂದು ಮೂಲೆಯಲ್ಲಿ ಹೆಚ್ಚು ಕರಗುತ್ತದೆ, ಇನ್ನೊಂದರಲ್ಲಿ ಕಡಿಮೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಕೈ ಸಡಿಲಿಸಿದರೆ ಏನಾಗುತ್ತದೋ ಇಲ್ಲಿಯೂ ಅದೇ. ಚೂರನ್ನು ಯಾರೂ ಹಿಂದಿನಿಂದ ತಳ್ಳುತ್ತಿಲ್ಲ, ಮುಂದಿನ ಶುದ್ಧ ನೀರು ಎಳೆದುಕೊಳ್ಳುತ್ತಿದೆ.

ನೀರಿನ ಮೇಲೆ ಮೆಣಸಿನ ಪುಡಿ ಉದುರಿಸಿ, ಸೋಪು ಹಚ್ಚಿದ ಬೆರಳಿಟ್ಟರೆ ಪುಡಿ ಅಂಚಿಗೆ ಓಡುವ ಪ್ರಯೋಗ ಎಲ್ಲರಿಗೂ ಗೊತ್ತು. ಅದರ ಹಿಂದಿರುವುದೂ ಇದೇ ತತ್ವ. ಆದರೆ ಅದು ಒಂದೇ ಸಲದ ಆಟ. ಎರಡನೇ ಸಲ ಬೆರಳಿಟ್ಟರೆ ಪುಡಿ ಅಲ್ಲಾಡುವುದಿಲ್ಲ. ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿ ಆಗ ಗಡಿಬಿಡಿಯಿಂದ ನೀರು ಚೆಲ್ಲಿ ಮತ್ತೊಂದು ತಟ್ಟೆ ತರುತ್ತಾರೆ. ನನ್ನನ್ನು ಕೇಳಿದರೆ ಪಾಠ ಶುರುವಾಗಬೇಕಾದದ್ದೇ ಅಲ್ಲಿ. ಸೋಪು ಒಮ್ಮೆ ಮೇಲ್ಮೈಯನ್ನು ಆವರಿಸಿದರೆ ಅಲ್ಲೇ ಉಳಿಯುತ್ತದೆ, ತಟ್ಟೆಯ ತುಂಬ ಎಳೆತ ಒಂದೇ ಆಗಿಬಿಡುತ್ತದೆ. ಕರ್ಪೂರವಾದರೋ ನೀರಿನ ಮೇಲಿನಿಂದ ಗಾಳಿಗೆ ಆವಿಯಾಗಿ ಹೋಗುತ್ತಲೇ ಇರುತ್ತದೆ, ಮೇಲ್ಮೈ ಮತ್ತೆ ಮತ್ತೆ ಶುದ್ಧವಾಗುತ್ತದೆ. ಹಳೆಯ ರಟ್ಟನ್ನು ದೋಣಿಯಂತೆ ಕತ್ತರಿಸಿ, ಹಿಂಭಾಗದ ಸೀಳಿನಲ್ಲಿ ಸೋಪು ಮೆತ್ತಿದರೆ ದೋಣಿ ಒಮ್ಮೆ ಚಿಮ್ಮಿ ನಿಲ್ಲುತ್ತದೆ. ಕರ್ಪೂರ ಸಿಕ್ಕಿಸಿದರೆ ಬಹಳ ಹೊತ್ತು ಸುತ್ತುತ್ತಿರುತ್ತದೆ.

ಹಾಗಾದರೆ ಎಣ್ಣೆ ಏನು ಮಾಡಿತು? ಅದು ನೀರಿನಲ್ಲಿ ಕರಗುವುದಿಲ್ಲ, ಆವಿಯಾಗುವುದೂ ಇಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾಗಿ ಹರಡಿ ಎಳೆತವನ್ನು ಎಲ್ಲ ಕಡೆಯೂ ತಗ್ಗಿಸುತ್ತದೆ. ಆಮೇಲೆ ಕರ್ಪೂರಕ್ಕೆ ಇನ್ನಷ್ಟು ತಗ್ಗಿಸಲು ಏನೂ ಉಳಿದಿರುವುದಿಲ್ಲ. ಎಷ್ಟು ತೆಳುವು? ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರ್‍ಯಾಲಿ 1890ರಲ್ಲಿ ಇದನ್ನೇ ಕಂಡುಹಿಡಿಯಲು ಹೊರಟರು, ಅದೂ ಕರ್ಪೂರವನ್ನೇ ಸೂಚಕವಾಗಿಟ್ಟುಕೊಂಡು. 84 ಸೆಂಟಿಮೀಟರ್ ಅಗಲದ ಸ್ನಾನದ ತೊಟ್ಟಿಯಲ್ಲಿ ನೀರು ತುಂಬಿ, ಆಲಿವ್ ಎಣ್ಣೆಯನ್ನು ತೂಗಿ ತೂಗಿ ಹಾಕಿದರು. ಸುಮಾರು 0.8 ಮಿಲಿಗ್ರಾಂ ಬೀಳುವಷ್ಟರಲ್ಲಿ ಕರ್ಪೂರದ ಓಟ ನಿಂತಿತು. ಅಷ್ಟು ಎಣ್ಣೆ ಅಷ್ಟಗಲಕ್ಕೆ ಹರಡಿದರೆ ದಪ್ಪ ಸುಮಾರು 1.6 ನ್ಯಾನೋಮೀಟರ್, ಅಂದರೆ ಹೆಚ್ಚುಕಡಿಮೆ ಒಂದೇ ಅಣುವಿನ ಪದರ. ಒಂದು ತಲೆಗೂದಲಿನ ದಪ್ಪಕ್ಕೆ ಅಂಥ ಮೂವತ್ತು ಸಾವಿರಕ್ಕೂ ಹೆಚ್ಚು ಪದರ ಬೇಕು. ಅಣುಗಳು ನಿಜವಾಗಿ ಇವೆಯೇ ಎಂದು ದೊಡ್ಡ ವಿಜ್ಞಾನಿಗಳೇ ವಾದಿಸುತ್ತಿದ್ದ ಕಾಲವದು.

ಅವರಿಗೂ ಮೊದಲು ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲ್ಯಾಪಮ್ ಕೆರೆಯಲ್ಲಿ ಒಂದು ಚಮಚ ಎಣ್ಣೆ ಸುರಿದು, ಸುಮಾರು ಅರ್ಧ ಎಕರೆಯಷ್ಟು ನೀರಿನ ಅಲೆ ಅಡಗಿದ್ದನ್ನು ಕಂಡಿದ್ದರು. 1774ರಲ್ಲಿ ಅದನ್ನು ಬರೆದು ಪ್ರಕಟಿಸಿದರೂ ದಪ್ಪದ ಲೆಕ್ಕ ಹಾಕಲಿಲ್ಲ. ನಾವು ಹಾಕಬಹುದು: 5 ಮಿಲಿಲೀಟರನ್ನು 20 ಗುಂಟೆಗೆ, ಅಂದರೆ ಸುಮಾರು 2000 ಚದರ ಮೀಟರಿಗೆ ಹರಡಿದರೆ 2.5 ನ್ಯಾನೋಮೀಟರ್.

ಆದರೆ ಈ ಕಥೆಯಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವರು ಆಗ್ನೆಸ್ ಪಾಕೆಲ್ಸ್. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ತಂದೆತಾಯಿಯ ಆರೈಕೆ, ಮನೆಗೆಲಸ ನೋಡಿಕೊಂಡಿದ್ದ ಹೆಣ್ಣುಮಗಳು. ವಿಶ್ವವಿದ್ಯಾಲಯದ ಬಾಗಿಲು ಆಗ ಹೆಂಗಸರಿಗೆ ಮುಚ್ಚಿತ್ತು. ಭೌತಶಾಸ್ತ್ರ ಓದುತ್ತಿದ್ದ ತಮ್ಮ ಪುಸ್ತಕ ಕಳಿಸುತ್ತಿದ್ದ. ಸುಮಾರು 70 ಸೆಂಟಿಮೀಟರ್ ಉದ್ದದ ತಗಡಿನ ತೊಟ್ಟಿಗೆ ಅಂಚಿನವರೆಗೆ ನೀರು ತುಂಬಿ, ಅದರ ಮೇಲೆ ಅಡ್ಡಲಾಗಿ ತಗಡಿನ ಪಟ್ಟಿಯಿಟ್ಟು ಸರಿಸುತ್ತ, ಮೇಲ್ಮೈಯ ಕೊಳೆಯನ್ನು ಹಿಗ್ಗಿಸಿ ಕುಗ್ಗಿಸಿ ಆಕೆ ಎಳೆತವನ್ನು ಅಳೆದರು. ಚಿಕ್ಕ ಬಿಲ್ಲೆಯೊಂದನ್ನು ನೀರಿನಿಂದ ಕಿತ್ತೆತ್ತಲು ಎಷ್ಟು ಬಲ ಬೇಕೆಂದು ತಕ್ಕಡಿಯಲ್ಲಿ ನೋಡುವುದೇ ಅಳತೆಯ ವಿಧಾನ. 1891ರ ಜನವರಿಯಲ್ಲಿ ರ್‍ಯಾಲಿಯವರಿಗೆ ಜರ್ಮನ್ ಭಾಷೆಯಲ್ಲಿ ಪತ್ರ ಬರೆದರು. ರ್‍ಯಾಲಿಯವರ ಪತ್ನಿ ಅದನ್ನು ಇಂಗ್ಲಿಷಿಗೆ ತಂದರು, ಮಾರ್ಚ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಮುಂದೆ ಇದೇ ಬಗೆಯ ತೊಟ್ಟಿಯನ್ನು ಬೆಳೆಸಿದ ಅಮೆರಿಕದ ಅರ್ವಿಂಗ್ ಲ್ಯಾಂಗ್ಮ್ಯೂರ್ ಮೇಲ್ಮೈ ರಸಾಯನದ ಕೆಲಸಕ್ಕೆ 1932ರಲ್ಲಿ ನೊಬೆಲ್ ಪಡೆದರು. ತೊಟ್ಟಿಗೂ ಅವರದೇ ಹೆಸರು ನಿಂತಿತು. ಆಗ್ನೆಸ್‌ಗೆ ಸಿಕ್ಕಿದ್ದು ಅದೇ ವರ್ಷ ಊರಿನ ತಾಂತ್ರಿಕ ವಿದ್ಯಾಲಯದ ಗೌರವ ಡಾಕ್ಟರೇಟ್.

ಮನೆಯಲ್ಲಿ ಮಾಡುವವರು ಚೊಕ್ಕಟದ ವಿಷಯದಲ್ಲಿ ರಾಜಿಯಾಗಬಾರದು. ಒಂದು ಹನಿ ಎಣ್ಣೆ, ಅಂದರೆ 0.05 ಮಿಲಿಲೀಟರ್, ಲೆಕ್ಕದ ಪ್ರಕಾರ ಸುಮಾರು 25 ಚದರ ಮೀಟರ್ ಆವರಿಸಬಲ್ಲದು. ತಲೆಗೆ ಎಣ್ಣೆ ಹಚ್ಚಿದ ಕೈ ತಟ್ಟೆಯ ಒಳಗೆ ತಾಗಿದರೂ ಕರ್ಪೂರ ಮಿಸುಕುವುದಿಲ್ಲ. ತಟ್ಟೆಯನ್ನು ಸೋಪಿನಿಂದ ತಿಕ್ಕಿ, ಸೋಪಿನ ಅಂಶವೂ ಉಳಿಯದಂತೆ ಹರಿಯುವ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ಅಡುಗೆಮನೆಯ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ, ಅದರಲ್ಲಿ ಜಿಡ್ಡು ಇದ್ದೇ ಇರುತ್ತದೆ. ಎಣ್ಣೆ ಜಾಸ್ತಿಯಾದರೆ ಸಾರಿನ ಮೇಲೆ ಕಾಣುವಂಥ ಎಣ್ಣೆಗಣ್ಣುಗಳು ತೇಲುತ್ತವೆ, ಆಗ ನೀರು ಚೆಲ್ಲಿ ಹೊಸದಾಗಿ ಶುರು ಮಾಡಬೇಕು.

ತಟ್ಟೆಯ ಆಟ ಕೈಗೆ ಹತ್ತಿದ ಮೇಲೆ ಆಗ್ನೆಸ್ ಪಾಕೆಲ್ಸ್‌ರ ತೊಟ್ಟಿಯನ್ನೇ ಮಾಡಿ ನೋಡಬಹುದು. ಉದ್ದನೆಯ ಆಯತಾಕಾರದ ಟ್ರೇಯಲ್ಲಿ ಅಂಚು ಮುಟ್ಟುವವರೆಗೆ ನೀರು ತುಂಬಿ. ಚೊಕ್ಕ ಮಾಡಿದ ಸ್ಟೀಲ್ ಸ್ಕೇಲನ್ನು ಒಂದು ತುದಿಯ ಹತ್ತಿರ, ಅಡಿಭಾಗ ನೀರಿಗೆ ತಾಗುವಂತೆ ಅಡ್ಡ ಇಡಿ. ಉದ್ದವಾಗಿ ಉಳಿದ ಭಾಗಕ್ಕೆ ಕರ್ಪೂರ ಬಿಟ್ಟು, ಅದು ಓಡುತ್ತಿರುವಾಗಲೇ ಎಣ್ಣೆಯ ಲೇಶವನ್ನು ಮಾತ್ರ ಸೋಕಿಸಿ. ಓಟ ನಿಧಾನವಾಗಬೇಕು, ನಿಲ್ಲಬಾರದು. ಈಗ ಸ್ಕೇಲನ್ನು ಕರ್ಪೂರದ ಕಡೆಗೆ ಮೆಲ್ಲಗೆ ತಳ್ಳಿ. ಎಣ್ಣೆಯ ಅಣುಗಳು ಒತ್ತೊತ್ತಾಗುತ್ತಿದ್ದಂತೆ ಕರ್ಪೂರ ನಿಲ್ಲುತ್ತದೆ. ಸ್ಕೇಲು ಹಿಂದೆ ಸರಿದು ಜಾಗ ಅಗಲವಾದರೆ ಮತ್ತೆ ಹೊರಡುತ್ತದೆ. ಸ್ಕೇಲಿನ ಎರಡೂ ತುದಿಗಳಲ್ಲಿ ಸಂದು ಬಿಡಬೇಡಿ, ಎಣ್ಣೆ ಅಲ್ಲಿಂದ ನುಸುಳಿಬಿಡುತ್ತದೆ.