ಹುಟ್ಟಿದ ವರ್ಷವೇ ಹಳತಾದ ಹಡಗು

1862. ಸ್ವೀಡನ್ನಿನ ಕಾರ್ಲ್ಸ್‌ಕ್ರೋನಾದಲ್ಲಿ ಹೊಸ ಯುದ್ಧನೌಕೆಯೊಂದು ನೀರಿಗಿಳಿಯಿತು. ಹೆಸರು ‘ವನಾಡಿಸ್’. ಮೈಯೆಲ್ಲ ಮರ, ಒಡಲಲ್ಲಿ ಉಗಿ ಎಂಜಿನ್, ಮೇಲೆ ಮೂರು ಪಟಗಂಬ. ಗಾಳಿ ಸಿಕ್ಕರೆ ಕಲ್ಲಿದ್ದಲು ಉಳಿತಾಯ!

ಅದೇ ವರ್ಷದ ಮಾರ್ಚ್‌ನಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ, ಕಬ್ಬಿಣದ ಕವಚ ತೊಟ್ಟ ‘ವರ್ಜೀನಿಯಾ’ ಒಂದೇ ದಿನದಲ್ಲಿ ಎರಡು ಮರದ ಯುದ್ಧನೌಕೆಗಳನ್ನು ಮುಗಿಸಿತು. ಮರುದಿನ ಅದಕ್ಕೆ ಎದುರು ನಿಂತದ್ದು ಇನ್ನೊಂದು ಕಬ್ಬಿಣದ ಹಡಗು, ‘ಮಾನಿಟರ್’. ಅದನ್ನು ರೂಪಿಸಿದ್ದು ಯಾರು ಗೊತ್ತೇ? ಸ್ವೀಡನ್ನಿನಲ್ಲೇ ಹುಟ್ಟಿದ ಜಾನ್ ಎರಿಕ್ಸನ್!

ಇಂಥ ಕಬ್ಬಿಣದ ಹಡಗುಗಳ ಮುಂದೆ ಕಾದಾಟಕ್ಕೆ ಹಳತಾದ ವನಾಡಿಸ್‌ಗೆ ಬೇರೆ ಕೆಲಸ ಸಿಕ್ಕಿತು: 1883ರಿಂದ 1885ರವರೆಗೆ ಭೂಪ್ರದಕ್ಷಿಣೆ. ಹಡಗಿನಲ್ಲಿ ರಾಜಕುಮಾರ ಆಸ್ಕರ್, ಜೊತೆಗೆ ಯಾಲ್ಮಾರ್ ಸ್ಟೋಲ್ಪೆ ಎಂಬ ವಿದ್ವಾಂಸ. ಈತ ಹೋದಲ್ಲೆಲ್ಲ ಜನಬಳಕೆಯ ವಸ್ತುಗಳನ್ನು ಕೂಡಿಹಾಕಿದ. ಪೆರುವಿನಲ್ಲಂತೂ ಹಳೆಯ ಸಮಾಧಿಗಳನ್ನೇ ಅಗೆದ. ಇಂದಾಗಿದ್ದರೆ ದೊಡ್ಡ ರಂಪವೇ ಆಗುತ್ತಿತ್ತು. ಹೀಗೆ ತಂದ ಸಾವಿರಾರು ವಸ್ತುಗಳು ಸ್ಟಾಕ್‌ಹೋಮ್‌ನ ಜನಾಂಗಶಾಸ್ತ್ರ ವಸ್ತುಸಂಗ್ರಹಾಲಯ ಸೇರಿದವು.