ಹೊಟ್ಟೆ ತುಂಬಿದರೂ ರಕ್ತ ಕಡಿಮೆ: ಶಾಲಾ ಮಕ್ಕಳ ಊಟದ ಬಗ್ಗೆ ಒಂದಿಷ್ಟು

ಹೂಡೆ: ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸ್ವರ್ಣಾ ನದಿ. ಮೀನಿಗೆ ಹೆಸರಾದ ಈ ಕಡೆಯ ಮಕ್ಕಳಿಗೂ ಪೌಷ್ಟಿಕಾಂಶದ ಕೊರತೆಯೇ ಎಂದು ಕೆಲವರು ಕೇಳಬಹುದು. ಹೊಟ್ಟೆ ತುಂಬುವುದು ಬೇರೆ, ಮೈಗೆ ಬೇಕಾದದ್ದು ಸಿಗುವುದು ಬೇರೆ. 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆಯ ಪ್ರಕಾರ ದೇಶದ 5ರಿಂದ 9 ವರ್ಷದ ಮಕ್ಕಳಲ್ಲಿ ಶೇ. 24, ಹದಿಹರೆಯದವರಲ್ಲಿ ಶೇ. 28 ಮಂದಿಗೆ ರಕ್ತಹೀನತೆ ಇತ್ತು. ಹದಿಹರೆಯದ ಹುಡುಗಿಯರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಅದು ಶೇ. 40.

ಈ ಕೊರತೆ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಮಗು ತರಗತಿಯಲ್ಲಿ ತೂಕಡಿಸುತ್ತದೆ, ಓಡಿದರೆ ಬೇಗ ಸುಸ್ತಾಗುತ್ತದೆ, ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ನಾವು ಅದನ್ನು ಸೋಮಾರಿ ಎಂದು ಗದರಿಸುತ್ತೇವೆ. ಪಾಪ, ರಕ್ತದಲ್ಲಿ ಕಬ್ಬಿಣಾಂಶ ಇಲ್ಲದಿದ್ದರೆ ಅದಾದರೂ ಏನು ಮಾಡೀತು?

ನಮ್ಮ ಕರಾವಳಿಯಲ್ಲಿ ಇನ್ನೊಂದು ವಿಷಯವಿದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಶಾಲೆ ಶುರುವಾಗುವುದೂ ಆಗಲೇ. ಮೀನು ದುಬಾರಿಯಾಗುತ್ತದೆ, ಬೋಟಿನ ಸಂಪಾದನೆ ನಿಲ್ಲುತ್ತದೆ. ಆಗ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಚಹಾ-ಬಿಸ್ಕತ್ತು, ರಾತ್ರಿ ಗಂಜಿ-ಉಪ್ಪಿನಕಾಯಿ. ಕುಚ್ಚಲಕ್ಕಿ ಗಂಜಿ ಒಳ್ಳೆಯದೇ, ಆದರೆ ಅದೊಂದರಿಂದಲೇ ಬೆಳೆಯುವ ಮಗುವಿಗೆ ಸಾಲದು. ಊಟದ ಜೊತೆಗೇ ಚಹಾ ಕುಡಿದರೆ ಸೊಪ್ಪು, ಧಾನ್ಯಗಳ ಕಬ್ಬಿಣಾಂಶ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಮಕ್ಕಳಿಗೆ ಚಹಾ ಕೊಡದಿರುವುದೇ ಮೇಲು.

ಮಳೆಗಾಲದಲ್ಲಿ ದಾರಿಯಿಲ್ಲವೆಂದಲ್ಲ. ಹುರುಳಿ ಸಾರು, ಹರಿವೆ, ಬಸಳೆ, ನುಗ್ಗೆಸೊಪ್ಪು, ತಜಂಕ್ ಇವೆ. ಜೊತೆಗೆ ಲಿಂಬೆರಸವೋ ಪೇರಳೆಯೋ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಹಿಡಿಯುತ್ತದೆ. ಉಳಿದ ದಿನಗಳಲ್ಲಿ ಬೂತಾಯಿ ಬೇಕು. ಅದರ ಮೆತ್ತನೆಯ ಮುಳ್ಳಿನಲ್ಲಿ ಸುಣ್ಣದ ಅಂಶವಿದೆ, ಮಾಂಸದಲ್ಲಿ 'ಡಿ' ಜೀವಸತ್ವವಿದೆ. ಹೊಳೆಯ ಮರುವಾಯಿಯಲ್ಲಿ ಕಬ್ಬಿಣವೂ ಬಿ12 ಕೂಡ ಧಾರಾಳ. ಬಡವರ ಮೀನೆಂದು ಬೂತಾಯಿಯನ್ನು ಕೀಳಾಗಿ ಕಾಣುವವರು ಇದನ್ನು ಗಮನಿಸಬೇಕು.

ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಿಸಿಯೂಟ, ಹಾಲು ಸಿಗುತ್ತದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಅನುದಾನರಹಿತ ಆಂಗ್ಲ ಮಾಧ್ಯಮ ಶಾಲೆಯ ಮಕ್ಕಳಿಗೆ ಇದ್ಯಾವುದೂ ಇಲ್ಲ, ಅವರ ಪಾಲಿಗೆ ಬುತ್ತಿಯೇ ಎಲ್ಲ. ಫೀಸಿಗೆ ಸಾವಿರಗಟ್ಟಲೆ ಕೊಡುವ ನಾವು ಆ ಬುತ್ತಿಗೆ ನೂಡಲ್ಸ್ ತುಂಬುತ್ತೇವೆ!

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಎಸೆಯುವ ಮಕ್ಕಳಿದ್ದಾರೆ, ಬೇಡವೆನ್ನುವ ಹೆತ್ತವರೂ ಇದ್ದಾರೆ. ಮಲ ಕಪ್ಪಾಗುವುದು ಮಾತ್ರೆಯಿಂದ ಸಹಜ, ಭಯ ಬೇಡ. ಬರಿಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ, ಊಟದ ನಂತರ ಕೊಟ್ಟರೆ ಕಡಿಮೆ. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ನೀಡುವ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬಾರದು, ಕೊಕ್ಕೆಹುಳ ಕರುಳಿನಲ್ಲಿ ರಕ್ತ ಹೀರುತ್ತದೆ.

ಸಂಶಯವಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬಹುದು. 5ರಿಂದ 11 ವರ್ಷದವರಲ್ಲಿ 11.5 ಗ್ರಾಂ, 12ರಿಂದ 14 ವರ್ಷದವರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದರ್ಥ. ವಾಳೆಯ ಗುರಿಕಾರರು ಮನೆಭೇಟಿಗೆ ಹೋದಾಗ ಈ ಎರಡು ಅಂಕಿಗಳನ್ನು ತಾಯಂದಿರಿಗೆ ಬರೆದುಕೊಡಬೇಕೆಂದು ವಿನಂತಿ.