ಹಲಗೆಗಳ ಅಟ್ಟಿ ಕೊಯ್ಯಲು ಯಾವ ಬ್ಲೇಡು?

ಮಳೆಗಾಲದಲ್ಲಿ ತೋಟದ ಕೆಲಸ ತಗ್ಗಿದಾಗ ಮನೆಯಲ್ಲುಳಿದ ಸಿಲ್ವರ್ ಓಕ್ ಹಲಗೆಗಳಿಂದ ನಾಮಫಲಕ, ದೇವರ ಮಂಟಪದ ಜಾಲರಿ ಮುಂತಾದವನ್ನು ಮಾಡುವ ಹವ್ಯಾಸವುಳ್ಳವರಿಗಾಗಿ ಈ ಲೇಖನ. ಒಂದೇ ನಮೂನೆಯ ಮೂರು ಜಾಲರಿ ಬೇಕಾದರೆ ಮೂರು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಸ್ಕ್ರೋಲ್ ಸಾ ಯಂತ್ರದಲ್ಲಿ ಒಮ್ಮೆಗೇ ಕೊಯ್ಯುವುದು ಲಾಭಕರ. ಆದರೆ ಮೇಲಿನ ಹಲಗೆ ಅಚ್ಚುಕಟ್ಟಾಗಿ ಬಂದು, ಕೆಳಗಿನದರ ಹೂಬಳ್ಳಿ ಸೊಟ್ಟಗಾಗಿ ಒಲೆಗೆ ಹೋಗುವುದುಂಟು. ಇದಕ್ಕೆ ಕಾರಣ ಬಹುಮಟ್ಟಿಗೆ ಬ್ಲೇಡಿನ ಆಯ್ಕೆ.

ಬ್ಲೇಡನ್ನು ಒಂದು ಹಲಗೆಯ ದಪ್ಪ ನೋಡಿ ಆರಿಸಬಾರದು. ಅಟ್ಟಿಯ ಒಟ್ಟು ದಪ್ಪ ನೋಡಬೇಕು. 6 ಮಿ.ಮೀ. ದಪ್ಪದ ಮೂರು ಹಲಗೆ ಸೇರಿದರೆ 18 ಮಿ.ಮೀ. ಗರಗಸದ ಪಾಲಿಗೆ ಅದು ಹೆಚ್ಚುಕಡಿಮೆ ಮುಕ್ಕಾಲು ಅಂಗುಲದ ಒಂದೇ ಮರ. 2ನೇ ನಂಬರಿನ ಸಣ್ಣ ಬ್ಲೇಡಿಗೆ ಅಂಗುಲಕ್ಕೆ ಸುಮಾರು 20 ಹಲ್ಲುಗಳಿರುತ್ತವೆ. ಅವುಗಳ ಕಿರಿದಾದ ಸಂದಿಯಲ್ಲಿ ಹುಡಿ ತುಂಬಿಕೊಂಡು ಹೊರಬೀಳದೆ, ಬ್ಲೇಡು ಬಿಸಿಯಾಗಿ ಮರ ಕಪ್ಪಾಗುತ್ತದೆ. ಕೆಲಸ ಸಾಗದೆಂದು ನಾವು ಒತ್ತುತ್ತೇವೆ. ಒತ್ತಿದೊಡನೆ ಆ ತೆಳು ಬ್ಲೇಡು ಬಿಲ್ಲಿನಂತೆ ಬಾಗುತ್ತದೆ. ಮೇಲೆ ಗೆರೆಯ ಮೇಲೆಯೇ ಇದ್ದಂತೆ ಕಂಡರೂ ಒಳಗಿನ ಹಲಗೆಗಳಲ್ಲಿ ಅದು ದಾರಿ ಬಿಟ್ಟಿರುತ್ತದೆ.

18 ಮಿ.ಮೀ. ಸಿಲ್ವರ್ ಓಕ್ ಅಟ್ಟಿಗೆ 5ನೇ ನಂಬರು ಸಾಕು. ಅಂಗುಲಕ್ಕೆ 12–13 ಹಲ್ಲು. ಒಂದು ಹಲ್ಲು ಬಿಟ್ಟು ಒಂದು ಇರುವ ಬಗೆಯದನ್ನೇ ಕೇಳಿ ಪಡೆಯಿರಿ. ಆ ಖಾಲಿ ಜಾಗವೇ ಹುಡಿಗೆ ದಾರಿ. ಅಟ್ಟಿ ಇನ್ನೂ ದಪ್ಪವಿದ್ದರೆ, ಇಲ್ಲವೆ ಮರ ಗಟ್ಟಿಯಾಗಿದ್ದರೆ 7 ಅಥವಾ 9. ಹಲ್ಲಿನ ಲೆಕ್ಕ ತಯಾರಕರಿಂದ ತಯಾರಕರಿಗೆ ತುಸು ಬದಲಾಗುತ್ತದೆ. ಆದರೆ ಅಗಲದ ಬ್ಲೇಡು ಕಿರಿದಾದ ತಿರುವಿನಲ್ಲಿ ತಿರುಗದು. ನಕ್ಷೆ ಬಹಳ ಸೂಕ್ಷ್ಮವಾಗಿದ್ದರೆ ಅಟ್ಟಿಯಿಂದ ಒಂದು ಹಲಗೆ ತೆಗೆಯಿರಿ. ಸಣ್ಣ ಬ್ಲೇಡಿನಿಂದ ದಪ್ಪ ಅಟ್ಟಿಯನ್ನು ಕೊಯ್ಯುವ ಹಟ ಬೇಡ. ಹಗ್ಗದಂತೆ ಹೊಸೆದ ಬ್ಲೇಡು ಎಲ್ಲ ದಿಕ್ಕಿಗೂ ಕೊಯ್ಯುತ್ತದೆಂದು ಕೆಲವರಿಗೆ ಮೋಹ. ಅಟ್ಟಿಗೆ ಅದು ತಕ್ಕುದಲ್ಲ, ಸೀಳು ಅಗಲವಾಗಿ ಅಂಚು ಒರಟಾಗುತ್ತದೆ.

ಅಡಿಕೆ ದಬ್ಬೆಯ ವಿಷಯ ಬೇರೆ. ಅದರ ಹೊರಭಾಗದ ನಾರು ಬಹಳ ಬಿರುಸು, ಹಲ್ಲು ಬೇಗ ಮೊಂಡಾಗುತ್ತದೆ. ಎರಡಕ್ಕಿಂತ ಹೆಚ್ಚು ಜೋಡಿಸದಿರುವುದು ಲೇಸು.

ಕೆಳಮುಖದ ಸಿಬಿರು ಏಳದಿರಲು, ತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿರುವ ಬ್ಲೇಡು ಒಳ್ಳೆಯದು. ಅದು ಸಿಗದಿದ್ದರೆ ಅಟ್ಟಿಯ ಅಡಿಗೆ ಹಾಳು ಪ್ಲೈವುಡ್ ಇಡಿ, ಸಿಬಿರು ಅದರಲ್ಲೇ ಏಳಲಿ. ಹಲಗೆಗಳು ಜಾರದಂತೆ ಕೊಯ್ದು ಬಿಸಾಡುವ ಭಾಗದಲ್ಲಿ ಸಣ್ಣ ಮೊಳೆ ಹೊಡೆಯಬಹುದು; ಮೊಳೆಯ ತುದಿ ಕೆಳಗೆ ಹೊರಟು ಮೇಜನ್ನು ಗೀರಬಾರದು, ಬ್ಲೇಡಿನ ದಾರಿಗೂ ಬರಬಾರದು.

ಯಂತ್ರ ನಡೆಸುವ ಮೊದಲು ಮೇಜಿಗೂ ಬ್ಲೇಡಿಗೂ ಮೂಲೆಮಟ್ಟ ಹಿಡಿದು ನೋಡಿರಿ. ಒಂದು ಡಿಗ್ರಿ ವಾಲಿದ್ದರೂ 18 ಮಿ.ಮೀ. ಆಳದಲ್ಲಿ ಸುಮಾರು 0.3 ಮಿ.ಮೀ. ವ್ಯತ್ಯಾಸ ಬೀಳುತ್ತದೆ. ಒಂದರೊಳಗೊಂದು ಕೂರಬೇಕಾದ ಕೆತ್ತನೆಗೆ ಅಷ್ಟೇ ಸಾಕು ಕೆಡಲು. ಬ್ಲೇಡು ಬಿಗಿಯಾಗಿರಲಿ, ಕೊಯ್ಯುತ್ತ ಕೊಯ್ಯುತ್ತ ಹೆಚ್ಚು ಒತ್ತಬೇಕೆನಿಸಿದೊಡನೆ ಅದನ್ನು ತೆಗೆದು ಹೊಸದನ್ನು ಹಾಕಿರಿ.